ಎಳೆಯ ಹೆಗಲಿಗೆ ನೊಗ

2013ರ ಜನವರಿ 24ರ ರಾತ್ರಿ. ಕೆನಡಾದ ಎಡ್ಮಂಟನ್ ಊರಿನ ರೆಕ್ಸಾಲ್ ಪ್ಲೇಸ್ ಕ್ರೀಡಾಂಗಣದಲ್ಲಿ ಊರಿನ ತಂಡವಾದ ಆಯಿಲರ್ಸ್‌ಗೂ ಹಿಂದಿನ ವರ್ಷವಷ್ಟೇ ಸ್ಟಾನ್ಲಿ ಕಪ್ ಗೆದ್ದಿದ್ದ ಲಾಸ್ ಏಂಜಲಿಸ್ ಕಿಂಗ್ಸ್‌ಗೂ ಆಟ. ಆಯಿಲರ್ಸ್ ಒಂದು ಗೋಲಿನಿಂದ ಹಿಂದಿತ್ತು. ಆಟ ಮುಗಿಯಲು ಐದು ಸೆಕೆಂಡೂ ಉಳಿದಿಲ್ಲ ಎನ್ನುವಾಗ ನೈಲ್ ಯಾಕುಪೊವ್ ಎಂಬ ಹುಡುಗ ಗೋಲು ಹೊಡೆದು ಸಮ ಮಾಡಿದ. ಹೊಡೆದವನೇ ಮಂಡಿಯೂರಿ, ಎರಡು ಕೈಗಳನ್ನೂ ಮೇಲೆತ್ತಿ, ಮಂಜುಗಡ್ಡೆಯ ಮೇಲೆ ಉದ್ದಕ್ಕೆ ಜಾರಿಕೊಂಡು ಹೋದ. ಅವನಿಗೆ ಆಗ 19 ವರ್ಷ. ನಾನು ಅದೇ ಊರಿನ ಒಂದು ಬಾಡಿಗೆ ಮನೆಯಲ್ಲಿ ಟಿವಿಯ ಮುಂದೆ ಕೂತಿದ್ದವನು ಎದ್ದು ನಿಂತು ಕೂಗಿದೆ. ನಮ್ಮ ಕೇರಿಯ ಬೇರೆ ಮನೆಗಳಿಂದಲೂ ಕೂಗು ಕೇಳಿಸಿತು. ಹೊರಗೆ ಹೆಪ್ಪುಗಟ್ಟುವ ಚಳಿ, ಕಿಟಕಿಗಳೆಲ್ಲ ಮುಚ್ಚಿದ್ದವು, ಆದರೂ ಕೇಳಿಸಿತು.

ಆರು ವರ್ಷ ಕಳೆಯುವಷ್ಟರಲ್ಲಿ ಆ ಹುಡುಗ ಆ ಲೀಗಿನಲ್ಲೇ ಇರಲಿಲ್ಲ. ಒಟ್ಟು 350 ಆಟ, 62 ಗೋಲು. ಅಲ್ಲಿಗೆ ಉತ್ತರ ಅಮೆರಿಕದಲ್ಲಿ ಅವನ ಕಥೆ ಮುಗಿಯಿತು. ಅವನು ರಷ್ಯಾಕ್ಕೆ ಹಿಂತಿರುಗಿದ. ಅವನು ಸೋತನೋ, ಅವನನ್ನು ಸೋಲಿಸಿದರೋ ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ಒಬ್ಬ ಆಟಗಾರನ ಅದೃಷ್ಟದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು ಓದುಗರು ಕೇಳಬಹುದು. ಅವನ ಕಥೆಯಲ್ಲಿ ಒಂದು ಇಡೀ ಪದ್ಧತಿಯ ಕಥೆ ಅಡಗಿದೆ. ಆ ಪದ್ಧತಿಗೆ ಕೈತಟ್ಟಿದವರಲ್ಲಿ ನಾನೂ ಒಬ್ಬ. ಅದಕ್ಕಾಗಿ ಬರೆಯುತ್ತಿದ್ದೇನೆ.

ಹಾಕಿ ಎಂದರೆ ನಮ್ಮವರ ಕಣ್ಣಮುಂದೆ ಬರುವುದು ಹುಲ್ಲಿನ ಮೈದಾನ, ಕೊಡಗಿನ ಆಟಗಾರರು, ಧ್ಯಾನ್‌ಚಂದರ ಹೆಸರು. ಕೆನಡಾದಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಹುಲ್ಲಿನ ಮೇಲಿನದಕ್ಕೆ ಅವರು ಬೇರೆ ವಿಶೇಷಣ ಸೇರಿಸಿ ಹೇಳಬೇಕು. ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್. ನಾನು ಹೇಳುತ್ತಿರುವ ವರ್ಷಗಳಲ್ಲಿ ಅದರಲ್ಲಿ 30 ತಂಡಗಳಿದ್ದವು. ಅನಂತರ 32 ಆದವು. ಪ್ರತಿ ವರ್ಷ ಬೇಸಿಗೆಯ ಮೊದಲಲ್ಲಿ ಡ್ರಾಫ್ಟ್ ಎಂಬ ಆಯ್ಕೆಯ ಸಭೆ ನಡೆಯುತ್ತದೆ. ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ಅತಿ ಹೆಚ್ಚು ಸೋತವರಿಗೆ ಸರದಿಯಲ್ಲಿ ಮುಂದಿನ ಸ್ಥಾನ. ಬೇಕೆಂದೇ ಸೋಲುವವರಿಗೆ ತಡೆಯಾಗಲಿ ಎಂದು 1995ರಿಂದ ಅದಕ್ಕೊಂದು ಲಾಟರಿಯನ್ನೂ ಸೇರಿಸಿದ್ದಾರೆ. ಲಾಟರಿಯಲ್ಲೂ ಕೆಳಗಿನವರ ಚೀಟಿಗಳೇ ಹೆಚ್ಚು.

ತಂಡವೊಂದು ಹಳತಾಗಿ, ಗೆಲ್ಲುವ ಶಕ್ತಿ ಕುಂದಿದಾಗ, ಅದರ ಯಜಮಾನರು ಇದ್ದ ಹಿರಿಯ ಆಟಗಾರರನ್ನು ಬೇರೆಯವರಿಗೆ ಕೊಟ್ಟು ಅದಕ್ಕೆ ಬದಲಾಗಿ ಮುಂದಿನ ವರ್ಷಗಳ ಆಯ್ಕೆಯ ಹಕ್ಕುಗಳನ್ನು ಪಡೆಯುತ್ತಾರೆ. ಕೆಲವು ವರ್ಷ ಸೋತು, ಒಳ್ಳೆಯ ಹುಡುಗರನ್ನು ಕೂಡಿಹಾಕಿ, ಹೊಸ ತಂಡ ಕಟ್ಟುತ್ತೇವೆ ಎನ್ನುತ್ತಾರೆ. ಇದಕ್ಕೆ ರೀಬಿಲ್ಡ್ ಎಂದು ಹೆಸರು. ಮರುಕಟ್ಟುವುದು ಎನ್ನೋಣ. ಈ ಯೋಚನೆಯ ಹಿಂದೆ ತರ್ಕವಿಲ್ಲವೆಂದಲ್ಲ. 2005ರಲ್ಲಿ ಲೀಗು ಪ್ರತಿ ತಂಡದ ಸಂಬಳದ ಒಟ್ಟು ಮೊತ್ತಕ್ಕೆ ಮಿತಿ ಹಾಕಿತು. ದುಡ್ಡಿದ್ದವರು ಹೆಸರಾಂತರನ್ನೆಲ್ಲ ಕೊಂಡು ತರುವ ದಾರಿ ಅಲ್ಲಿಗೆ ಕಿರಿದಾಯಿತು. ಹದಿನೆಂಟರಲ್ಲಿ ಸಹಿ ಹಾಕುವ ಹುಡುಗನ ಮೊದಲ ಮೂರು ವರ್ಷಗಳ ಸಂಬಳಕ್ಕೆ ನಿಯಮದ ಕಡಿವಾಣವಿದೆ. ಅವನು ಎಷ್ಟು ಚೆನ್ನಾಗಿ ಆಡಿದರೂ ಅಗ್ಗ. ಎಳೆಯರು ಅಗ್ಗ, ಸೋತರೆ ಎಳೆಯರು ಸಿಗುತ್ತಾರೆ ಎಂದ ಮೇಲೆ ಸೋಲೂ ಒಂದು ಬಂಡವಾಳವಾಗುತ್ತದೆ.

ನನ್ನ ತಕರಾರು ಕಟ್ಟುವುದರ ಬಗ್ಗೆ ಅಲ್ಲ. ಮನೆ ಜೀರ್ಣವಾದರೆ ಬಿಚ್ಚಿ ಕಟ್ಟಬೇಕು, ಸರಿ. ಕಟ್ಟುವವರು ಹುಡುಗರನ್ನು ಇಟ್ಟಿಗೆಗಳೆಂದು ತಿಳಿದುಕೊಳ್ಳುತ್ತಾರಲ್ಲ, ಅದರ ಬಗ್ಗೆ.

ಎಡ್ಮಂಟನ್ನಿನ ಚರಿತ್ರೆಯನ್ನೇ ನೋಡಿ. 2006ರಲ್ಲಿ ಆ ತಂಡ ಸ್ಟಾನ್ಲಿ ಕಪ್ಪಿನ ಅಂತಿಮ ಸರಣಿಯವರೆಗೆ ಹೋಗಿ, ಏಳನೆಯ ಆಟದಲ್ಲಿ ಕೆರೊಲೈನಾ ಹರಿಕೇನ್ಸ್‌ಗೆ ಸೋತಿತು. ಅದಾದ ಮೇಲೆ ಸತತ ಹತ್ತು ಋತು ಪ್ಲೇ ಆಫ್ ಹಂತದ ಬಾಗಿಲನ್ನೇ ಕಾಣಲಿಲ್ಲ. 2010ರಲ್ಲಿ ಕಡೆಯ ಸ್ಥಾನ. ಮೊದಲ ಆಯ್ಕೆಯಾಗಿ ಟೇಲರ್ ಹಾಲ್ ಬಂದ. 2011ರಲ್ಲಿ ಮತ್ತೆ ಕಡೆಯ ಸ್ಥಾನ. ರಯಾನ್ ನ್ಯೂಜೆಂಟ್-ಹಾಪ್ಕಿನ್ಸ್ ಬಂದ. 2012ರಲ್ಲಿ ಕಡೆಯಿಂದ ಎರಡನೆಯ ಸ್ಥಾನ, ಲಾಟರಿ ಒಲಿಯಿತು, ಯಾಕುಪೊವ್ ಬಂದ. ಮೂರು ವರ್ಷದಲ್ಲಿ ಮೂರು ಸಲ ಇಡೀ ಜಗತ್ತಿನ ಅತ್ಯುತ್ತಮ ಹುಡುಗನೆಂದು ಹೆಸರಾದವನು ನಮ್ಮ ಊರಿಗೆ ಬಂದ! ಡ್ರಾಫ್ಟಿನ ದಿನ ಊರಿನಲ್ಲಿ ಹಬ್ಬದ ಸಡಗರ. ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಜನ ಮುಂದಿನ ಐದು ವರ್ಷಗಳ ತಂಡದ ಪಟ್ಟಿಯನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ನಮ್ಮ ಕಡೆಯ ಚಾಳಿ ಮಾತ್ರ ಅಲ್ಲವೆಂದು ನನಗೆ ಆಗ ಗೊತ್ತಾಯಿತು.

ಆ ಪಟ್ಟಿಗಳಲ್ಲಿ ಒಂದು ಕೊರತೆಯಿತ್ತು. ಅದು ನಮಗೆ ಯಾರಿಗೂ ಆಗ ಕಾಣಲಿಲ್ಲ. ಎಲ್ಲ ಹೆಸರುಗಳೂ ಇಪ್ಪತ್ತರ ಒಳಗಿನವೋ ಅದರ ಸುತ್ತಿನವೋ ಆಗಿದ್ದವು. ಅವರಿಗೆ ಪಕ್ಕದಲ್ಲಿ ನಿಂತು ಆಡಲು, ತಪ್ಪಿದಾಗ ಹಿಂದಿನಿಂದ ಬಂದು ಸರಿಮಾಡಲು, ಸೋತ ರಾತ್ರಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಮಾತು ಹೇಳಲು, ನುರಿತ ಹಿರಿಯರು ಬೇಕಷ್ಟು ಇರಲಿಲ್ಲ. ಗೋಲಿನ ಮುಂದೆ ಕಾಯುವ ಡಿಫೆನ್ಸ್ ಸಾಲು ವರ್ಷ ವರ್ಷವೂ ಬಡವಾಗಿತ್ತು. ಮುಂದಿನ ಸಾಲಿನಲ್ಲಿ ಚಿನ್ನದಂಥ ಹುಡುಗರು, ಹಿಂದೆ ತೂತಾದ ಬೇಲಿ.

ನಮ್ಮ ರೈತರು ಹೋರಿಗರುವನ್ನು ಪಳಗಿಸುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಎರಡು ಎಳೆಯ ಹೋರಿಗಳನ್ನು ಒಟ್ಟಿಗೆ ನೊಗಕ್ಕೆ ಕಟ್ಟುವುದಿಲ್ಲ. ಪಳಗಿದ ಹಳೆಯ ಎತ್ತಿನ ಜೊತೆಗೆ ಕಟ್ಟುತ್ತಾರೆ. ಮೊದಲು ಬರಿಯ ನೊಗ, ಆಮೇಲೆ ಹಗುರಾದ ಹೊರೆ, ಆಮೇಲೆ ನೇಗಿಲು. ಸಾಲು ಎಲ್ಲಿ ತಿರುಗುತ್ತದೆ ಎಂಬುದನ್ನು ಹಳೆಯ ಎತ್ತು ತನ್ನ ಮೈಯಿಂದಲೇ ಹೇಳಿಕೊಡುತ್ತದೆ. ಅವಸರಪಟ್ಟು ಎಳೆಯದರ ಹೆಗಲಿಗೆ ಭಾರ ಹಾಕಿದರೆ ಹೆಗಲು ಹುಣ್ಣಾಗುತ್ತದೆ. ಆಮೇಲೆ ನೊಗ ಕಂಡರೆ ಅದು ಮಲಗಿಬಿಡುತ್ತದೆ. ಎಡ್ಮಂಟನ್ನಿನವರು ಮಾಡಿದ್ದು ಹೆಚ್ಚು ಕಡಿಮೆ ಇದನ್ನೇ.

ಯಾಕುಪೊವ್‌ನ ಮೊದಲ ಋತು ನಿಜಕ್ಕೂ ಚೆನ್ನಾಗಿತ್ತು. ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಮೊಟಕಾಗಿದ್ದ ಆ ಋತುವಿನ 48 ಆಟಗಳಲ್ಲಿ 17 ಗೋಲು ಹೊಡೆದ. ಕೋಚ್ ರಾಲ್ಫ್ ಕ್ರೂಗರ್. ಋತು ಮುಗಿದೊಡನೆ ಕ್ರೂಗರ್‌ರನ್ನು ತೆಗೆದು ಡಲ್ಲಾಸ್ ಈಕಿನ್ಸ್ ಅವರನ್ನು ತಂದರು. ಹೊಸ ಕೋಚು, ಹೊಸ ಕ್ರಮ. ಎರಡನೆಯ ಋತು ಆರಂಭವಾಗಿ ಒಂದು ತಿಂಗಳೂ ಆಗಿರಲಿಲ್ಲ, ಹುಡುಗನನ್ನು ಕೂರಿಸಿಬಿಟ್ಟರು. ಆ ವರ್ಷ 63 ಆಟಗಳಲ್ಲಿ 11 ಗೋಲು. ಅವನು ಮಂಜಿನ ಮೇಲಿದ್ದಾಗ ತಂಡ ಹೊಡೆದದ್ದಕ್ಕಿಂತ ತಿಂದ ಗೋಲುಗಳು, ಅಲ್ಲಿನವರ ಲೆಕ್ಕದ ಪ್ರಕಾರ, 33 ಹೆಚ್ಚು. ಮೂರನೆಯ ಋತುವಿನ ನಡುವೆ ಈಕಿನ್ಸ್ ಹೋದರು, ಟಾಡ್ ನೆಲ್ಸನ್ ಬಂದರು. ನಾಲ್ಕನೆಯ ಋತುವಿಗೆ ಟಾಡ್ ಮೆಕ್ಲೆಲನ್. ನಾಲ್ಕು ಋತು, ನಾಲ್ಕು ಕೋಚು! ಒಂದೇ ಶಾಲೆಯಲ್ಲಿ ವರ್ಷಕ್ಕೊಬ್ಬ ಮೇಷ್ಟರು ಬಂದು, ಪ್ರತಿಯೊಬ್ಬರೂ ಹಿಂದಿನವರು ಕಲಿಸಿದ್ದನ್ನು ಅಳಿಸಿ ಬೇರೆ ಬರೆಸಿದರೆ ಮಗು ಏನು ಕಲಿತೀತು? 2016ರ ಅಕ್ಟೋಬರಿನಲ್ಲಿ ಅವನನ್ನು ಸೇಂಟ್ ಲೂಯಿಸ್ ತಂಡಕ್ಕೆ ಕೊಟ್ಟುಬಿಟ್ಟರು. ಅದಕ್ಕೆ ಬದಲಾಗಿ ಬಂದದ್ದು ಹೇಳಿಕೊಳ್ಳುವಂಥದ್ದಲ್ಲ.

ಇಲ್ಲಿ ಒಂದು ನಿಯಮದ ವಿಷಯ ಹೇಳಬೇಕು. ಇಲ್ಲದಿದ್ದರೆ ತಂಡದವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಕೆನಡಾದ ಜೂನಿಯರ್ ಲೀಗುಗಳಿಂದ ಆರಿಸಿದ ಹುಡುಗನನ್ನು ಇಪ್ಪತ್ತು ವರ್ಷವಾಗುವ ತನಕ ಎಎಚ್‌ಎಲ್ ಎಂಬ ಎರಡನೆಯ ದರ್ಜೆಯ ವೃತ್ತಿಪರ ಲೀಗಿಗೆ ಕಳಿಸುವ ಹಾಗಿರಲಿಲ್ಲ. ಒಂದೋ ದೊಡ್ಡ ಲೀಗಿನಲ್ಲಿ ಗಡ್ಡ ಬಂದ ಗಂಡಸರ ನಡುವೆ ಆಡಿಸಬೇಕು, ಇಲ್ಲವೇ ಅವನ ಜೂನಿಯರ್ ತಂಡಕ್ಕೆ, ಅವನ ಓರಗೆಯ ಹುಡುಗರ ನಡುವಿಗೆ, ಹಿಂದಕ್ಕೆ ಕಳಿಸಬೇಕು. ಮೊದಲನೆಯದು ಅವನಿಗೆ ಭಾರ, ಎರಡನೆಯದು ಎಷ್ಟೋ ಸಲ ತೀರ ಹಗುರ. ನಡುವಿನ ಮೆಟ್ಟಿಲೇ ಇರಲಿಲ್ಲ. ಇದರ ಜೊತೆಗೆ ಇನ್ನೊಂದು ಲೆಕ್ಕ: ಹದಿನೆಂಟು ಹತ್ತೊಂಬತ್ತರ ಹುಡುಗ ದೊಡ್ಡ ಲೀಗಿನಲ್ಲಿ ಒಂಬತ್ತು ಆಟ ಆಡಿ ನಿಲ್ಲಿಸಿದರೆ ಅವನ ಅಗ್ಗದ ಮೂರು ವರ್ಷಗಳ ಕರಾರು ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಹತ್ತನೆಯ ಆಟ ಆಡಿಸಿದರೆ ಒಂದು ವರ್ಷ ಖರ್ಚಾಯಿತು. ಹೀಗಾಗಿ ಪ್ರತಿ ವರ್ಷ ಅಕ್ಟೋಬರ್ ಕಡೆಯಲ್ಲಿ ಪತ್ರಿಕೆಗಳಲ್ಲೂ ಕಾಫಿಯಂಗಡಿಗಳಲ್ಲೂ ಒಂದೇ ಚರ್ಚೆ: ಇಟ್ಟುಕೊಳ್ಳಬೇಕೋ, ಕಳಿಸಬೇಕೋ? ಇಟ್ಟುಕೊಳ್ಳಿ, ಹುಡುಗರನ್ನು ಆಡಿಸಿ ಎಂದು ಕೂಗಿದವರು ನಾವು. ಸೋಲುವುದು ಹೇಗೂ ಇದ್ದೇ ಇದೆ, ಹಳಬರ ಮುಖ ನೋಡಿ ಸೋಲುವುದಕ್ಕಿಂತ ಹೊಸಬರ ಮುಖ ನೋಡಿ ಸೋಲೋಣ ಎಂಬುದು ನಮ್ಮ ವಾದ. ಆಗ ಅದು ಬಹಳ ಬುದ್ಧಿವಂತಿಕೆಯ ಮಾತೆಂದು ತೋರಿತ್ತು.

ಅದೇ ತಂಡದಲ್ಲಿ ಇನ್ನೊಂದು ದಾರಿಯ ಉದಾಹರಣೆಯೂ ಇದೆ. 2014ರಲ್ಲಿ ಮೂರನೆಯ ಆಯ್ಕೆಯಾಗಿ ಬಂದವನು ಜರ್ಮನಿಯ ಕಲೋನ್ ಊರಿನ ಲಿಯಾನ್ ಡ್ರೈಸೈಟಲ್. ಅವನನ್ನೂ ಹದಿನೆಂಟರಲ್ಲೇ ದೊಡ್ಡ ಲೀಗಿಗೆ ಇಳಿಸಿದರು. 37 ಆಟ, ಎರಡು ಗೋಲು, ಏಳು ನೆರವು. ಕಾಲು ಭಾರವೆಂದರು, ನಿಧಾನವೆಂದರು. ನಮ್ಮ ಕಚೇರಿಯ ಗೋಡೆಯ ಪಟ್ಟಿಯಿಂದ ಯಾರೋ ಅವನ ಹೆಸರನ್ನು ಹೊಡೆದೂ ಹಾಕಿದ್ದರು. 2015ರ ಜನವರಿಯಲ್ಲಿ ಅವನನ್ನು ಜೂನಿಯರ್ ಲೀಗಿಗೆ, ಕೆಲೋನಾ ರಾಕೆಟ್ಸ್ ತಂಡಕ್ಕೆ ಕಳಿಸಿದರು. ಅಲ್ಲಿ ಪಕ್ ಅವನ ಕೋಲಿನಲ್ಲೇ ಇರುತ್ತಿತ್ತು. ಆಟ ಅವನ ಮೇಲೆ ನಿಂತಿತ್ತು. ಕೆಲೋನಾ ತನ್ನ ಲೀಗನ್ನು ಗೆದ್ದಿತು. ಮೆಮೋರಿಯಲ್ ಕಪ್ಪಿನ ಫೈನಲಿನಲ್ಲಿ ಹೆಚ್ಚುವರಿ ಅವಧಿಯಲ್ಲಿ ಸೋತರೂ ಆ ಪಂದ್ಯಾವಳಿಯ ಅತ್ಯುತ್ತಮ ಆಟಗಾರನೆಂದು ಹೆಸರು ಬಂದದ್ದು ಡ್ರೈಸೈಟಲ್‌ಗೆ. ಮುಂದಿನ ಋತುವನ್ನೂ ಅವನು ಬೇಕರ್ಸ್‌ಫೀಲ್ಡಿನ ಎಎಚ್‌ಎಲ್ ತಂಡದಲ್ಲೇ ಆರಂಭಿಸಿದ. ಅಲ್ಲಿಂದ ಮೇಲೆ ಕರೆದಾಗ 72 ಆಟಗಳಲ್ಲಿ 51 ಅಂಕ. 2020ರಲ್ಲಿ ಇಡೀ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಅವನ ಕೈಯಲ್ಲಿತ್ತು. ಹಿಂದಕ್ಕೆ ಕಳಿಸಿದ್ದು ಅವನಿಗೆ ಅವಮಾನವಾಗಿತ್ತೋ ಏನೋ. ಆದರೆ ತಾನು ಆಡಬಲ್ಲೆ ಎಂಬುದನ್ನು ಅವನ ಕೈಕಾಲುಗಳಿಗೆ ಮತ್ತೊಮ್ಮೆ ನೆನಪಿಸಿದ್ದು ಆ ನಾಲ್ಕು ತಿಂಗಳು.

ಹಾಗಾದರೆ ಯಾಕುಪೊವ್‌ನನ್ನೂ ಹಿಂದಕ್ಕೆ ಕಳಿಸಿದ್ದರೆ ಅವನೂ ಹೀಗೇ ಆಗುತ್ತಿದ್ದನೆ? ಹಾಗೆಂದು ನಾನು ಹೇಳಲಾರೆ. ಡ್ರೈಸೈಟಲ್ ಆಟವನ್ನು ಓದುವ ರೀತಿಯೇ ಬೇರೆ. ಯಾಕುಪೊವ್ ಪಕ್ಕಿನ ಹಿಂದೆ ಓಡುವವನು, ಪಕ್ ಎಲ್ಲಿಗೆ ಬರುತ್ತದೆಂದು ಕಾಯುವವನಲ್ಲ. ನ್ಯೂಜೆಂಟ್-ಹಾಪ್ಕಿನ್ಸ್ ಹದಿನೆಂಟರಲ್ಲೇ ಇಳಿದು 62 ಆಟಗಳಲ್ಲಿ 52 ಅಂಕ ಗಳಿಸಿದ, ನಿಂತುಕೊಂಡ, 2021ರಲ್ಲಿ ಅದೇ ತಂಡದೊಡನೆ ಎಂಟು ವರ್ಷಗಳ ಕರಾರಿಗೆ ಸಹಿ ಹಾಕಿದ. ಟೇಲರ್ ಹಾಲ್ ಕೂಡ ಮೊದಲ ದಿನದಿಂದ ಆಡಿದವನೇ. ಅವನನ್ನು 2016ರಲ್ಲಿ ನ್ಯೂಜೆರ್ಸಿಗೆ ಕೊಟ್ಟರು. ಅಲ್ಲಿ 2018ರಲ್ಲಿ ಅವನಿಗೂ ಹಾರ್ಟ್ ಟ್ರೋಫಿ ಬಂತು. ಎಲ್ಲ ಎಳೆಯರೂ ಬೇಗ ಇಳಿದರೆ ಕೆಡುತ್ತಾರೆಂಬ ಸೂತ್ರವಿಲ್ಲ. ಅದೇ ನನ್ನ ಮಾತು: ಸೂತ್ರವಿಲ್ಲವಾದ್ದರಿಂದ ಒಬ್ಬೊಬ್ಬನನ್ನೂ ಬೇರೆ ಬೇರೆಯಾಗಿ ನೋಡಬೇಕು. ಹಾಗೆ ನೋಡುವ ಪುರುಸೊತ್ತು ಸೋಲುತ್ತಿರುವ ತಂಡಕ್ಕೆ ಇರುವುದಿಲ್ಲ. ಅದಕ್ಕೆ ಟಿಕೆಟ್ ಮಾರಬೇಕು, ಭರವಸೆ ತೋರಿಸಬೇಕು. ತೋರಿಸುವುದಕ್ಕೆ ಇರುವುದು ಹುಡುಗನ ಮುಖವೊಂದೇ.

ತಾಳ್ಮೆಯ ಮಾತು ಬಂದರೆ ಅಲ್ಲಿನವರು ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡವನ್ನು ತೋರಿಸುತ್ತಾರೆ. ಕೆನ್ ಹಾಲಂಡ್ ಅದರ ಜನರಲ್ ಮ್ಯಾನೇಜರ್ ಆಗಿದ್ದ ಕಾಲದಲ್ಲಿ ಹುಡುಗರನ್ನು ಪೂರಾ ಹಣ್ಣಾಗುವವರೆಗೆ, ಬೇಕಾದರೆ ಒಂದು ದಿನ ಹೆಚ್ಚೇ, ಮರದಲ್ಲಿ ಬಿಡುವ ಪದ್ಧತಿಯಿತ್ತು. 2009ರಲ್ಲಿ ಆರಿಸಿದ ತೊಮಾಶ್ ತಾತಾರ್ ನಾಲ್ಕು ಋತುಗಳ ಹೆಚ್ಚಿನ ಭಾಗವನ್ನು ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಊರಿನ ಎಎಚ್‌ಎಲ್ ತಂಡದಲ್ಲಿ ಕಳೆದ. 2013ರಲ್ಲಿ ಆ ತಂಡ ಎಎಚ್‌ಎಲ್‌ನ ಕಾಲ್ಡರ್ ಕಪ್ ಗೆದ್ದಾಗ ಪ್ಲೇ ಆಫ್‌ಗಳ ಶ್ರೇಷ್ಠ ಆಟಗಾರ ಅವನೇ. ಅವನ ಜೊತೆಗಿದ್ದ ಗುಸ್ತಾವ್ ನೀಕ್ವಿಸ್ಟ್ ನಾಲ್ಕನೆಯ ಸುತ್ತಿನ ಆಯ್ಕೆ. ಮುಂದಿನ ಋತುವನ್ನೂ ಕೆಳಗೇ ಆರಂಭಿಸಿ, ಮೇಲೆ ಬಂದು, 57 ಆಟಗಳಲ್ಲಿ 28 ಗೋಲು ಹೊಡೆದ. ಇವರು ಮೇಲೆ ಬಂದಾಗ ಅಲ್ಲಿ ಡಾಟ್ಸ್ಯೂಕ್, ಜೆಟ್ಟರ್‌ಬರ್ಗ್‌ರಂಥ ಹಿರಿಯರು ಇದ್ದರು. ಹುಡುಗ ತಪ್ಪಿದರೆ ಆಟ ಕೈಬಿಟ್ಟು ಹೋಗುತ್ತಿರಲಿಲ್ಲ.

ಆದರೆ ಇದನ್ನೂ ಒಂದು ವೇದವೆಂದು ಹಿಡಿಯಬಾರದು. ಡೆಟ್ರಾಯಿಟಿಗೆ ಕಾಯುವುದು ಸಾಧ್ಯವಾದದ್ದು ಅದು ಗೆಲ್ಲುತ್ತಿದ್ದುದರಿಂದ. 1991ರಿಂದ 2016ರವರೆಗೆ ಸತತ 25 ಋತು ಅದು ಪ್ಲೇ ಆಫ್ ಆಡಿತು. ತುಂಬಿದ ಕಣಜವಿದ್ದವನು ಬೆಳೆ ಮಾಗುವ ತನಕ ಕಾಯಬಲ್ಲ. ಹಿರಿಯರು ನಿವೃತ್ತರಾದ ಮೇಲೆ ಅದೇ ತಂಡ ಕುಸಿಯಿತು. 2019–20ರಲ್ಲಿ 17 ಗೆಲುವು, 49 ಸೋಲು. ಲೀಗಿನ ಕಟ್ಟಕಡೆಯ ಸ್ಥಾನ. ಅಷ್ಟು ಸೋತರೂ ಲಾಟರಿ ಒಲಿಯಲಿಲ್ಲ. ಸಿಕ್ಕಿದ್ದು ನಾಲ್ಕನೆಯ ಆಯ್ಕೆ. ಸ್ಟೀವ್ ಐಜರ್‌ಮನ್ ಬಂದು ತಾಳ್ಮೆಯಿಂದಲೇ ಕಟ್ಟತೊಡಗಿದರು. 2019ರಲ್ಲಿ ಆರಿಸಿದ ಜರ್ಮನಿಯ ಮೋರಿಟ್ಸ್ ಸೈಡರ್‌ನನ್ನು ಒಂದು ವರ್ಷ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ, ಒಂದು ವರ್ಷ ಸ್ವೀಡನ್ನಿನಲ್ಲಿ ಬೆಳೆಸಿ ಕರೆತಂದರು. ಅವನು ನೇರ ಜರ್ಮನಿಯಿಂದ ಬಂದವನಾದ್ದರಿಂದ ಆ ಇಪ್ಪತ್ತರ ನಿಯಮ ಅವನಿಗೆ ಅಡ್ಡಬರಲಿಲ್ಲ. ಬಂದ ಮೊದಲ ಋತುವಿನಲ್ಲೇ, 2022ರಲ್ಲಿ, ಹೊಸ ಆಟಗಾರರಿಗೆ ಮೀಸಲಾದ ಕಾಲ್ಡರ್ ಟ್ರೋಫಿ ಪಡೆದ. ಆದರೂ 2025ರವರೆಗೆ ಆ ತಂಡ ಪ್ಲೇ ಆಫ್ ಮುಟ್ಟಲಿಲ್ಲ. ಒಬ್ಬ ಹುಡುಗನನ್ನು ಚೆನ್ನಾಗಿ ಬೆಳೆಸುವುದು ಬೇರೆ, ತಂಡ ಗೆಲ್ಲುವುದು ಬೇರೆ. ತಾಳ್ಮೆ ಗೆಲುವಿನ ಖಾತರಿಯಲ್ಲ. ಅದು ಹುಡುಗನಿಗೆ ನಾವು ಸಲ್ಲಿಸಬೇಕಾದ ಋಣ ಅಷ್ಟೆ.

ಸೋಲನ್ನೇ ಬಿತ್ತಿ ಬೆಳೆ ತೆಗೆಯುವ ಯೋಚನೆ ಎಲ್ಲಿಗೆ ಮುಟ್ಟುತ್ತದೆಂದು ನೋಡಲು ಬಫಲೋ ಊರಿಗೆ ಹೋಗಬೇಕು. 2014–15ರ ಋತುವಿನಲ್ಲಿ ಕಾನರ್ ಮೆಕ್‌ಡೇವಿಡ್ ಎಂಬ ಅಪೂರ್ವ ಹುಡುಗ ಡ್ರಾಫ್ಟಿಗೆ ಬರುವವನಿದ್ದ. ಬಫಲೋ ಸೇಬರ್ಸ್ ತಂಡ ಕಡೆಯ ಸ್ಥಾನದಲ್ಲಿತ್ತು. ಆ ಸ್ಥಾನಕ್ಕೆ ಪೈಪೋಟಿ ಅರಿಜೋನಾದ್ದು. ಮಾರ್ಚ್ ತಿಂಗಳಲ್ಲಿ ಇವೆರಡೂ ಬಫಲೋದಲ್ಲೇ ಎದುರಾದವು. ಆಟ ಹೆಚ್ಚುವರಿ ಅವಧಿಗೆ ಹೋಯಿತು, ಅರಿಜೋನಾ ಗೋಲು ಹೊಡೆಯಿತು. ಬಫಲೋದ ಜನ ಎದ್ದು ಚಪ್ಪಾಳೆ ತಟ್ಟಿದರು! ತಮ್ಮ ತಂಡ ಸೋತಿದ್ದಕ್ಕೆ. ತಲೆ ತಗ್ಗಿಸಿ ಹೊರನಡೆದ ಆಟಗಾರರಲ್ಲಿ ಇಪ್ಪತ್ತರ ಸುತ್ತಿನ ಹುಡುಗರೂ ಇದ್ದರಲ್ಲ, ಅವರು ಆ ಚಪ್ಪಾಳೆಯಿಂದ ಏನು ಕಲಿತಿರಬೇಕು? ಕಡೆಗೂ ಬಫಲೋಗೆ ಮೆಕ್‌ಡೇವಿಡ್ ಸಿಗಲಿಲ್ಲ. ಎರಡನೆಯವನಾಗಿ ಜ್ಯಾಕ್ ಐಕಲ್ ಸಿಕ್ಕಿದ. ಅವನೂ ನಿಲ್ಲಲಿಲ್ಲ, 2023ರಲ್ಲಿ ವೇಗಸ್ ತಂಡದಲ್ಲಿ ಸ್ಟಾನ್ಲಿ ಕಪ್ ಎತ್ತಿದ. ಬಫಲೋ 2012ರಿಂದ 2025ರವರೆಗೆ ಸತತ 14 ಋತು ಪ್ಲೇ ಆಫ್‌ನಿಂದ ಹೊರಗೇ ಉಳಿಯಿತು.

ಆ ರಾತ್ರಿ ಅರಿಜೋನಾದ ಗೋಲು ಹೊಡೆದವನು ಯಾರು ಗೊತ್ತೆ? ಸ್ಯಾಮ್ ಗಾನ್ಯೆ. 2007ರಲ್ಲಿ ಆರನೆಯ ಆಯ್ಕೆಯಾಗಿ ಎಡ್ಮಂಟನ್ನಿಗೆ ಬಂದು, ಹದಿನೆಂಟರಲ್ಲೇ ದೊಡ್ಡ ಲೀಗಿಗೆ ಇಳಿದು, ಮೊದಲ ವರ್ಷ 49 ಅಂಕ ಗಳಿಸಿದವನು. ಇವನು ಮುಂದೆ ಇಡೀ ತಂಡವನ್ನು ಹೊರುತ್ತಾನೆಂದು ಎಲ್ಲರೂ ಬರೆದರು. 2012ರ ಫೆಬ್ರುವರಿಯಲ್ಲಿ ಶಿಕಾಗೋ ಎದುರು ಒಂದೇ ಆಟದಲ್ಲಿ ಎಂಟು ಅಂಕ ಗಳಿಸಿದ್ದೂ ಇವನೇ. ಆದರೆ ಮೊದಲ ವರ್ಷದ 49ನ್ನು ಎಡ್ಮಂಟನ್ನಿನ ಯಾವ ಋತುವಿನಲ್ಲೂ ಅವನು ದಾಟಲಿಲ್ಲ. ಹದಿನೆಂಟರಲ್ಲಿ ಎಲ್ಲಿದ್ದನೋ ಇಪ್ಪತ್ತೈದರಲ್ಲೂ ಅಲ್ಲೇ. ಆಮೇಲೆ ಊರೂರು ಸುತ್ತಿದ. ಒಂದು ಊರಿನ ಮರುಕಟ್ಟುವಿಕೆಯಲ್ಲಿ ಸವೆದವನು ಇನ್ನೊಂದು ಊರಿನ ಮರುಕಟ್ಟುವಿಕೆಗೆ ಕೈಯಾರೆ ಚಪ್ಪಾಳೆ ಗಿಟ್ಟಿಸಿಕೊಟ್ಟ.

ಎಡ್ಮಂಟನ್ನಿನ ತಪ್ಪಿಗೆ ಇನ್ನೊಂದು ಬೇರೂ ಇತ್ತೆಂದು ನನ್ನ ಅನುಮಾನ. ಆ ಊರು 1984ರಿಂದ 1990ರ ಒಳಗೆ ಐದು ಸಲ ಸ್ಟಾನ್ಲಿ ಕಪ್ ಗೆದ್ದದ್ದು. ಗ್ರೆಟ್ಸ್ಕಿ, ಮೆಸಿಯೆ, ಕುರಿ, ಕಾಫಿ, ಎಲ್ಲರೂ ಹುಡುಗರಾಗಿ ಬಂದು ಅಲ್ಲೇ ಬೆಳೆದವರು. ಆ ಕಾಲದ ಆಟಗಾರರಾದ ಕೆವಿನ್ ಲೋ, ಕ್ರೇಗ್ ಮ್ಯಾಕ್‌ಟ್ಯಾವಿಶ್ ಮುಂದೆ ತಂಡದ ಆಡಳಿತದಲ್ಲಿದ್ದರು. ಒಮ್ಮೆ ಅರಳಿದ್ದು ಮತ್ತೆ ತಾನಾಗಿ ಅರಳುತ್ತದೆ ಎಂಬ ನಂಬಿಕೆ ಆ ಗೋಡೆಗಳಲ್ಲೇ ಇತ್ತು. ಆ ಹುಡುಗರೆಲ್ಲ ಮೊದಲ ಸರದಿಯ ಆಯ್ಕೆಗಳಲ್ಲವೆಂಬುದು ಮರೆತುಹೋಗಿತ್ತು: ಮೆಸಿಯೆ 48ನೆಯವನು, ಕುರಿ 69ನೆಯವನು. ಗ್ರೆಟ್ಸ್ಕಿಗಿಂತ ಮುಂಚೆ ಆ ತಂಡದ ನಾಯಕತ್ವ ಲೀ ಫೋಗೊಲಿನ್ ಎಂಬ ಅನುಭವಿ ಡಿಫೆನ್ಸ್ ಆಟಗಾರನ ಹೆಗಲ ಮೇಲಿತ್ತೆಂಬುದೂ ಮರೆತುಹೋಗಿತ್ತು. ನೆನಪು ಹೂವನ್ನಷ್ಟೇ ಇಟ್ಟುಕೊಂಡು ಬೇಲಿಯನ್ನು ಬಿಟ್ಟುಬಿಟ್ಟಿತು.

ಈಗ ಎದುರು ಪಕ್ಷದವರ ಮಾತು. 2015ರಲ್ಲಿ ಎಡ್ಮಂಟನ್ನಿಗೇ ಲಾಟರಿ ಹೊಡೆದು ಮೆಕ್‌ಡೇವಿಡ್ ಬಂದ. 2024ರಲ್ಲಿ ತಂಡ ಅಂತಿಮ ಸರಣಿಗೆ ಹೋಗಿ ಫ್ಲಾರಿಡಾಗೆ ಏಳು ಆಟಗಳಲ್ಲಿ ಸೋತಿತು. 2025ರಲ್ಲಿ ಮತ್ತೆ ಹೋಗಿ ಆರು ಆಟಗಳಲ್ಲಿ ಸೋತಿತು. ಕಪ್ ಬರದಿದ್ದರೂ ಬಾಗಿಲವರೆಗೆ ಹೋದದ್ದು ಮರುಕಟ್ಟುವಿಕೆಯ ಫಲವಲ್ಲವೆ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಲಾಟರಿಯಲ್ಲಿ ಎಡ್ಮಂಟನ್ನಿನ ಸಂಭವ ನೂರಕ್ಕೆ 11.5 ಮಾತ್ರ. ಅದನ್ನು ಯೋಜನೆ ಎನ್ನಲಾಗದು. ಡ್ರೈಸೈಟಲ್ ಹಿಂದಕ್ಕೆ ಕಳಿಸಿದ್ದರಿಂದ ಉಳಿದವನು. ಆ ಅಂತಿಮ ಸರಣಿಗಳ ಮೂರನೆಯ ಕಂಬ ಇವಾನ್ ಬುಶಾರ್ಡ್. ಅವನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

2018ರಲ್ಲಿ ಹತ್ತನೆಯ ಆಯ್ಕೆಯಾಗಿ ಬಂದ ಈ ಡಿಫೆನ್ಸ್ ಆಟಗಾರನನ್ನು ಏಳು ಆಟ ಆಡಿಸಿ ಜೂನಿಯರ್ ತಂಡಕ್ಕೆ ಹಿಂತಿರುಗಿಸಿದರು. 2019ರಲ್ಲಿ ಎಡ್ಮಂಟನ್ನಿಗೆ ಜನರಲ್ ಮ್ಯಾನೇಜರ್ ಆಗಿ ಬಂದವರು ಅದೇ ಡೆಟ್ರಾಯಿಟಿನ ಕೆನ್ ಹಾಲಂಡ್. ಬುಶಾರ್ಡ್ ಮುಂದಿನ ವರ್ಷ ಬೇಕರ್ಸ್‌ಫೀಲ್ಡಿನಲ್ಲಿ ಆಡಿದ; ಅದರ ಮುಂದಿನ ವರ್ಷ ಮೇಲೆ ಬರಿಯ 14 ಆಟ. ನನ್ನಂಥವರು ಆಗಲೂ ಕೂಗುತ್ತಿದ್ದೆವು, ಆ ಹುಡುಗನನ್ನು ಆಡಿಸಿ ಎಂದು. 2021–22ರಲ್ಲಿ ಅವನನ್ನು ಪೂರ್ತಿ ಇಳಿಸಿದಾಗ ಪಕ್ಕಕ್ಕೆ ಕಟ್ಟಿದ್ದು ಯಾರನ್ನು? ಶಿಕಾಗೋದಲ್ಲಿ ಮೂರು ಕಪ್ ಗೆದ್ದು ಬಂದಿದ್ದ, 38 ವರ್ಷದ ಡಂಕನ್ ಕೀತ್‌ರನ್ನು. ಕೀತ್‌ರ ಕಾಲು ಆಗ ನಿಧಾನವಾಗಿತ್ತು. ಅವರನ್ನು ತಂದದ್ದಕ್ಕೆ ಊರೆಲ್ಲ ಬೈದಿತು, ನಾನೂ ಬೈದೆ. ಅವರ ಸಂಬಳಕ್ಕೆ ಇನ್ನೊಬ್ಬ ಗಟ್ಟಿ ಆಟಗಾರ ಬರುತ್ತಿದ್ದ ಎಂಬುದು ನಮ್ಮ ಲೆಕ್ಕ. ಒಂದು ಋತು ಆಡಿ ಅವರು ನಿವೃತ್ತರಾದರು. 2023ರಲ್ಲಿ ಮಟಿಯಾಸ್ ಎಕ್‌ಹೋಮ್ ಎಂಬ ಇನ್ನೊಬ್ಬ ನುರಿತವರನ್ನು ತಂದು ಬುಶಾರ್ಡ್‌ನ ಪಕ್ಕಕ್ಕೆ ನಿಲ್ಲಿಸಿದರು. 2023–24ರಲ್ಲಿ ಆ ಹುಡುಗ 82 ಅಂಕ ಗಳಿಸಿದ; ಆ ವರ್ಷದ ಪ್ಲೇ ಆಫ್‌ಗಳಲ್ಲಿ ಮತ್ತೆ 32. ಹಳೆಯ ಎತ್ತಿನ ಜೊತೆ ನೊಗಕ್ಕೆ ಕಟ್ಟುವುದೆಂದರೆ ಇದೇ. ಎಡ್ಮಂಟನ್ ಅದನ್ನು ಕಲಿಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು, ಹಲವು ಹುಡುಗರ ಹೆಗಲು ಖರ್ಚಾಯಿತು.

ಬೆಳೆಸುವುದೆಂದರೆ ಕಾಯುವುದು ಮಾತ್ರವೂ ಅಲ್ಲ. ಮಾಂಟ್ರಿಯಲ್ ತಂಡದ ಕೋಲ್ ಕಾಫೀಲ್ಡ್ 2021–22ರ ಋತುವಿನ ಮೊದಲ 30 ಆಟಗಳಲ್ಲಿ ಹೊಡೆದದ್ದು ಒಂದೇ ಗೋಲು. ಫೆಬ್ರುವರಿಯಲ್ಲಿ ಕೋಚ್ ಬದಲಾಗಿ ಮಾರ್ಟಿನ್ ಸೇಂಟ್ ಲೂಯಿ ಬಂದರು. ಉಳಿದ 37 ಆಟಗಳಲ್ಲಿ 22 ಗೋಲು. ಹುಡುಗ ಅವನೇ, ಕೋಲು ಅದೇ, ತಂಡ ಆಗಲೂ ಸೋಲುತ್ತಲೇ ಇತ್ತು. ಸೇಂಟ್ ಲೂಯಿ ತಾವು ಆಟಗಾರರಾಗಿ ಡ್ರಾಫ್ಟಿನಲ್ಲಿ ಯಾರಿಗೂ ಬೇಡವಾಗಿದ್ದವರು. ಮುಂದೆ ಲೀಗಿನ ಶ್ರೇಷ್ಠರೆನಿಸಿದವರು. ಕೋಚ್ ಆಗುವ ಮುಂಚೆ ಅವರಿಗಿದ್ದ ಅನುಭವ ತಮ್ಮ ಮಕ್ಕಳ ವಯಸ್ಸಿನ ಹುಡುಗರಿಗೆ ಕಲಿಸಿದ್ದು. ಸಣ್ಣವನೆನಿಸಿಕೊಂಡವನ ಸಂಕಟ ಬಲ್ಲವರು ಪಕ್ಕದಲ್ಲಿದ್ದುದೇ ಕಾಫೀಲ್ಡ್‌ಗೆ ಬೇಕಾಗಿತ್ತೆಂದು ನನಗೆ ತೋರುತ್ತದೆ. ಯಾಕುಪೊವ್‌ಗೆ ಅಂಥವರು ಒಬ್ಬರಾದರೂ ಸಿಕ್ಕಿ, ಎರಡು ವರ್ಷವಾದರೂ ನಿಂತಿದ್ದರೆ?

ಕಡೆಯದಾಗಿ ನಮ್ಮ ಪಾಲಿನ ಮಾತು. 2014ರ ಮಾರ್ಚಿನಲ್ಲಿ ಎಡ್ಮಂಟನ್ ತನ್ನ ನೆರೆಯ ಕ್ಯಾಲ್ಗರಿಗೆ 8–1ರಿಂದ ಸೋತಿತು. ಅಭಿಮಾನಿಯೊಬ್ಬ ತಾನು ತೊಟ್ಟಿದ್ದ ತಂಡದ ಅಂಗಿಯನ್ನು ಬಿಚ್ಚಿ ಮಂಜುಗಡ್ಡೆಯ ಮೇಲೆ ಎಸೆದ. ಗೋಲಿ ಬೆನ್ ಸ್ಕ್ರಿವನ್ಸ್ ಅದನ್ನು ತನ್ನ ಕೋಲಿನಿಂದ ಎತ್ತಿ ಜನರತ್ತಲೇ ವಾಪಸ್ಸು ಎಸೆದರು. ಮಾರನೆಯ ದಿನ ಕಚೇರಿಯಲ್ಲಿ ಎಲ್ಲರೂ ಅಂಗಿ ಎಸೆದವನ ಪರ. ನಾನೂ ಅವನ ಪರವಾಗಿಯೇ ಮಾತಾಡಿದೆ. ದುಡ್ಡು ಕೊಟ್ಟವನಿಗೆ ಸಿಟ್ಟಾಗುವ ಹಕ್ಕಿಲ್ಲವೆ ಎಂದೆ. ಹದಿನೆಂಟರ ಹುಡುಗರನ್ನು ಆಡಿಸಿ ಎಂದು ಕೂಗಿದವರು ನಾವೇ, ಅವರು ಹದಿನೆಂಟರವರ ಹಾಗೆ ಆಡಿದಾಗ ಅಂಗಿ ಎಸೆದವರೂ ನಾವೇ ಎಂಬುದು ಅವತ್ತು ಹೊಳೆಯಲಿಲ್ಲ. ಯಜಮಾನರನ್ನು ಬೈಯುವುದು ಸುಲಭ. ಅವರು ಅವಸರಪಟ್ಟದ್ದು ಬಹುಪಾಲು ನಮ್ಮ ಅವಸರವನ್ನು ನೋಡಿ.

ಯಾಕುಪೊವ್‌ನ ಹೆಸರಿದ್ದ ಒಂದು ಅಂಗಿಯನ್ನು ನಾನು ಆ 2013ರ ಚಳಿಗಾಲದಲ್ಲಿ ಕೊಂಡಿದ್ದೆ. ಊರು ಬಿಡುವಾಗ ಸಾಮಾನು ಕಟ್ಟುತ್ತಾ ಅದು ಕೈಗೆ ಸಿಕ್ಕಿತು. ಎಸೆಯಲಿಲ್ಲ, ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡು ಬಂದೆ. ಈಗಲೂ ಪ್ರತಿ ವರ್ಷ ಡ್ರಾಫ್ಟಿನ ಸುದ್ದಿ ಓದುತ್ತೇನೆ. ಯಾವುದೋ ಸೋತ ಊರು ಯಾರೋ ಒಬ್ಬ ಹುಡುಗನನ್ನು ವೇದಿಕೆಗೆ ಕರೆದು ಹೊಸ ಅಂಗಿ ತೊಡಿಸಿರುತ್ತದೆ, ಜನ ಕುಣಿಯುತ್ತಿರುತ್ತಾರೆ. ಚಿತ್ರ ನೋಡಿದ ಮೇಲೆ ನಾನು ಆ ತಂಡದ ಆಟಗಾರರ ಪಟ್ಟಿ ಹುಡುಕಿ ತೆಗೆದು ವಯಸ್ಸಿನ ಅಂಕಣವನ್ನು ಓದುತ್ತೇನೆ. ಮೂವತ್ತು ದಾಟಿದವರು ನಾಲ್ಕೈದು ಮಂದಿ ಇದ್ದರೆ ಸಮಾಧಾನವಾಗುತ್ತದೆ.